ಕೊಟ್ಟೂರಿನಲ್ಲಿ ಯುರೋಪು ಕಲಿಸಿದ ವರ್ಷ

ಕಳೆದ ತಿಂಗಳು ಚಿಗಟೇರಿಯಲ್ಲಿ ದೂರದ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಹೊಸ ಮನೆ, ಕಾಲು ಜಾರುವ ಟೈಲ್ಸು, ಕಣ್ಣು ಕುಕ್ಕುವ ಗುಲಾಬಿ ಬಣ್ಣದ ಗೋಡೆ. ಆ ಗೋಡೆಯ ಮೇಲೆ ಹಳೆ ಮನೆಯಿಂದ ತಂದು ತೂಗುಹಾಕಿದ್ದು ಒಂದೇ ವಸ್ತು, ಮುದುಕಿಯೊಬ್ಬಳ ಬಣ್ಣದ ಚಿತ್ರ. ನಾನು ಅದರೆದುರು ನಿಂತದ್ದನ್ನು ಕಂಡು ಮನೆಯ ಯಜಮಾನ ಹತ್ತಿರ ಬಂದ. "ನಮ್ಮಜ್ಜಿ ರೀ. ಬದುಕಿದ್ದಾಗ ಒಂದು ಫೋಟೊ ತೆಗಸಲಿಲ್ಲ. ಹೋದ ಮೇಲೆ ಕುಂದ್ರಿಸಿ ತೆಗೆದದ್ದು ನೋಡ್ಕಂಡು ಬರೆದಾರೆ. ಆದ್ರೂ ಕಣ್ಣು ನೋಡ್ರಿ, ಈಗ ಬೈತಾಳೇನೋ ಅನ್ನಂಗೈತಿ" ಎಂದು ನಕ್ಕ. ನಾನು ಚಿತ್ರದ ಬಲಗಡೆಯ ಕೆಳಮೂಲೆ ನೋಡಿದೆ. ಸಾಸಿವೆಯಷ್ಟು ಸಣ್ಣಗೆ 'ಮೈ' ಎಂಬ ಒಂದಕ್ಷರ ಇತ್ತು. ಊಟಕ್ಕೆ ಕೂತವನು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಈ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಆಗೆಲ್ಲ ಕೂಲಿ ಮಾಡುವವರು, ಕುರಿ ಕಾಯುವವರು ಬದುಕಿದ್ದಷ್ಟು ಕಾಲ ಫೋಟೊ ಸ್ಟುಡಿಯೋದ ಮೆಟ್ಟಿಲು ಹತ್ತಿದವರಲ್ಲ. ಸತ್ತ ಮೇಲೆ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿ, ಗದ್ದ ಜೋಲದಂತೆ ಬಟ್ಟೆ ಕಟ್ಟಿ, ಮಕ್ಕಳು ಮೊಮ್ಮಕ್ಕಳು ಎರಡೂ ಕಡೆ ಕೂತು ತೆಗೆಸಿದ್ದೇ ಅವರ ಮೊದಲ ಫೋಟೊ, ಕೊನೆಯ ಫೋಟೊ. ಅದನ್ನು ಪೇಂಟರ್ ಕೈಗೆ ಕೊಟ್ಟರೆ ಆತ ಗದ್ದದ ಬಟ್ಟೆ ಬಿಚ್ಚಿ, ಕೆನ್ನೆ ತುಂಬಿ, ಮುಚ್ಚಿದ ಕಣ್ಣು ತೆರೆಸಿ ಬದುಕಿದವರ ಚಿತ್ರ ಮಾಡಿ ಕೊಡುತ್ತಿದ್ದ. ಆ ಕೆಲಸಕ್ಕೆ 'ಕಣ್ಣು ತೆರೆಸೂದು' ಎಂದೇ ಹೆಸರಿತ್ತು. ಅದನ್ನು ಮಾಡುತ್ತಿದ್ದ ಒಬ್ಬನಿಗೆ ನಾನು ಒಂದು ವರ್ಷ ಯುರೋಪಿನ ಚಿತ್ರಕಲೆಯ ಇತಿಹಾಸ ಕಲಿಸಿದೆ. ಆ ವರ್ಷದ ವಿಷಯವನ್ನು ಈತನಕ ಯಾರ ಮುಂದೆಯೂ ಹೇಳಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ನನಗೆ ಇಪ್ಪತ್ತಾರು. ಹರಪನಹಳ್ಳಿಯವನು, ದಾವಣಗೆರೆಯಲ್ಲಿ ಐದು ವರ್ಷ ಚಿತ್ರಕಲೆ ಓದಿ, ಭುಜದತನಕ ಕೂದಲು ಬಿಟ್ಟು, ಹೆಗಲಿಗೆ ಬಟ್ಟೆಚೀಲ ಹಾಕಿಕೊಂಡು ಊರಿಗೆ ವಾಪಸು ಬಂದಿದ್ದೆ. ಐದು ವರ್ಷದಲ್ಲಿ ನಾನು ಕಲಿತದ್ದು ಮುಖ್ಯವಾಗಿ ಮೂಗು ಮುರಿಯುವುದನ್ನು. ಕ್ಯಾಲೆಂಡರಿನ ಲಕ್ಷ್ಮಿಯನ್ನು ಕಂಡರೆ ಮೂಗು ಮುರಿಯುತ್ತಿದ್ದೆ. ಲಾರಿಯ ಹಿಂದೆ ಬರೆದ ಹುಲಿಯನ್ನು ಕಂಡರೂ, ನಮ್ಮ ಸೋದರಮಾವ ಪಡಸಾಲೆಯಲ್ಲಿ ತೂಗುಹಾಕಿದ್ದ ಸ್ವಿಟ್ಜರ್‌ಲೆಂಡಿನ ದೃಶ್ಯ ಕಂಡರೂ ಅಷ್ಟೇ. ನಾನೇ ಬರೆದ ಒಂದು ಚಿತ್ರವನ್ನೂ ಯಾರೂ ಕೊಂಡಿರಲಿಲ್ಲ, ಅದನ್ನೇ ನನ್ನ ದೊಡ್ಡತನಕ್ಕೆ ಸಾಕ್ಷಿ ಮಾಡಿಕೊಂಡಿದ್ದೆ. ಅಂಥ ನಾನು ಕೊಟ್ಟೂರಿನ ಒಂದು ಖಾಸಗಿ ಚಿತ್ರಕಲಾ ಶಾಲೆಗೆ ಅರೆಕಾಲಿಕ ಮಾಸ್ತರನಾಗಿ ಹೋದೆ.

ಶಾಲೆ ಇದ್ದದ್ದು ಶೇಂಗಾ ಎಣ್ಣೆ ತೆಗೆಯುವ ಮಿಲ್ಲಿನ ಮೇಲಂತಸ್ತಿನಲ್ಲಿ. ಕೆಳಗೆ ಯಂತ್ರ ಶುರುವಾದರೆ ಮೇಲೆ ನಮ್ಮ ಗೆರೆಗಳೆಲ್ಲ ನಡುಗುತ್ತಿದ್ದವು. ಟರ್ಪೆಂಟೈನಿನ ವಾಸನೆಯನ್ನು ಶೇಂಗಾ ಹಿಂಡಿಯ ವಾಸನೆ ನುಂಗಿಹಾಕುತ್ತಿತ್ತು. ಮೂಲೆಯಲ್ಲಿ ಪ್ಲಾಸ್ಟರಿನ ಒಂದು ಗ್ರೀಕ್ ತಲೆ ಇತ್ತು. ಸಾಗಿಸುವಾಗ ಅದರ ಮೂಗು ಮುರಿದಿತ್ತು, ನಮ್ಮ ಪ್ರಿನ್ಸಿಪಾಲರು ಗೋಡೆಯ ಬಿರುಕಿಗೆ ತುಂಬುವ ಲಪ್ಪಂ ಮೆತ್ತಿ ತಮ್ಮ ಮೂಗಿನ ಅಳತೆಯಲ್ಲೇ ಹೊಸದೊಂದು ಮಾಡಿ ಕೂರಿಸಿದ್ದರು. ಪ್ರಿನ್ಸಿಪಾಲರು ಎಂದೂ ಹುಬ್ಬಳ್ಳಿ ದಾಟಿದವರಲ್ಲ, ಆದರೆ ಮಾತೆತ್ತಿದರೆ "ನಮ್ಮ ಪ್ಯಾರಿಸ್ನಾಗ" ಎನ್ನುತ್ತಿದ್ದರು. ಅವರು ನನಗೆ ಕೊಟ್ಟ ಪಾಠ್ಯ ಎಂದರೆ ನಲವತ್ತು ಪುಟದ ನೋಟ್ಸು ಮತ್ತು ಝೆರಾಕ್ಸಿನ ಝೆರಾಕ್ಸು ತೆಗೆದ ಒಂದು ಕಟ್ಟು ಚಿತ್ರ. ನವ ಅಭಿಜಾತ ಪಂಥ, ರಮ್ಯ ಪಂಥ, ವಾಸ್ತವ ಪಂಥ. ನೂರು ವರ್ಷದ ಯುರೋಪು ಮಸಿ ಬಳಿದುಕೊಂಡು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕೂತಿತ್ತು. ನಾನಾದರೂ ಅವುಗಳ ಮೂಲ ನೋಡಿದ್ದೆನೇ? ಬಣ್ಣದಲ್ಲಿ ಅಚ್ಚಾದದ್ದನ್ನು ಗ್ರಂಥಾಲಯದಲ್ಲಿ ನೋಡಿದ್ದೆ, ಅಷ್ಟೇ. ಆದರೂ ಮಾತಾಡುವಾಗ ಆ ಚಿತ್ರಕಾರರ ಮನೆಯಲ್ಲಿ ಉಂಡು ಬಂದವನಂತೆ ಮಾತಾಡುತ್ತಿದ್ದೆ.

ಹನ್ನೊಂದು ಜನ ವಿದ್ಯಾರ್ಥಿಗಳು. ಹತ್ತು ಜನ ಪಿಯುಸಿ ಫೇಲಾಗಿ ಬಂದ ಹುಡುಗ ಹುಡುಗಿಯರು. ಹನ್ನೊಂದನೆಯವನು ಮೈಲಾರಪ್ಪ, ನಲವತ್ತರ ಹತ್ತಿರದವನು. ಕುರಿ ಕಾಯುವವರ ಮನೆತನ, ಹಗರಿಬೊಮ್ಮನಹಳ್ಳಿಯ ಬಸ್‌ ಸ್ಟ್ಯಾಂಡ್ ಹಿಂದೆ ಬೋರ್ಡು ಬರೆಯುವ ಅಂಗಡಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬಂದು, ಹುಡುಗರ ಹಿಂದಿನ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದ. ಉಗುರಿನ ಸಂದಿಯಲ್ಲಿ ಸದಾ ಹಳದಿ ಬಣ್ಣ. ನನಗಿಂತ ಹದಿನಾಲ್ಕು ವರ್ಷ ದೊಡ್ಡವನು ನಾನು ಒಳಗೆ ಬಂದ ಕೂಡಲೇ ಎದ್ದು ನಿಲ್ಲುತ್ತಿದ್ದ. ಕೂರಿ ಎನ್ನುವ ಮೊದಲು ನಾನು ಸ್ವಲ್ಪ ಹೊತ್ತು ತಡೆಯುತ್ತಿದ್ದೆ, ಅದು ನನಗೆ ಹಿತವಾಗಿತ್ತು.

ಆ ವರ್ಷ ಮುಂಗಾರು ಕೈಕೊಟ್ಟು, ಆಗಸ್ಟಿನಲ್ಲಿ ಒಂದೇ ಸಮ ಜಿಟಿಜಿಟಿ ಹಿಡಿಯಿತು. ಹೆಂಚಿನ ಸಂದಿಯಿಂದ ನೀರು ತೊಟ್ಟಿಕ್ಕುವಾಗ ನಾನು ನವ ಅಭಿಜಾತ ಪಂಥ ಶುರು ಮಾಡಿದೆ. ಸ್ನಾನದ ತೊಟ್ಟಿಯಲ್ಲಿ ಕೊಲೆಯಾಗಿ ಬಿದ್ದವನ ಚಿತ್ರ ಎತ್ತಿ ತೋರಿಸಿದೆ. ತಲೆಗೆ ಬಿಳಿ ಬಟ್ಟೆ ಸುತ್ತಿದೆ, ಒಂದು ಕೈ ಹೊರಗೆ ಜೋತಿದೆ, ಇನ್ನೊಂದು ಕೈಯಲ್ಲಿ ಕಾಗದ, ಕಣ್ಣು ಮುಚ್ಚಿವೆ. ಅವನು ಕ್ರಾಂತಿಯ ಮುಖಂಡ, ಮೈತುಂಬ ಚರ್ಮರೋಗ ಇದ್ದದ್ದರಿಂದ ತೊಟ್ಟಿಯ ನೀರಲ್ಲೇ ಕೂತು ಬರೆಯುತ್ತಿದ್ದ, ಆದರೆ ಚಿತ್ರಕಾರ ಆ ಹುಣ್ಣುಗಳನ್ನೆಲ್ಲ ಬಿಟ್ಟು ಅಮೃತಶಿಲೆಯಂಥ ಮೈ ಕೊಟ್ಟ, ಇದೇ ಆದರ್ಶೀಕರಣ, ಬರೆದುಕೊಳ್ಳಿ ಎಂದೆ. ಹತ್ತು ಜನ ಬರೆದುಕೊಂಡರು. ಮೈಲಾರಪ್ಪ ಕೈ ಎತ್ತಿದ.

"ಸರ, ಇದಕ್ಕ ಕಣ್ಣು ತೆರಸಲಿಲ್ಲ ಯಾಕ್ರಿ?"

ಹುಡುಗರು ಗೊಳ್ಳೆಂದರು. ನಾನೂ ನಕ್ಕೆ. ನಗುವುದು ನನಗೆ ಸುಲಭವಾಗಿತ್ತು.

"ನಗಬ್ಯಾಡ್ರಿ ಸರ. ಮನಿಯವ್ರು ಬೇಕಂತ ಹೇಳಿರ್ಲಿಲ್ಲೋ, ಇಲ್ಲಾ ಬರದಾವ್ಗ ಬರ್ತಿದ್ದಿಲ್ಲೋ ಅಂತ ಕೇಳಿದ್ನಿ" ಎಂದ ಮೈಲಾರಪ್ಪ. "ಮೈ ಸಾಪ್ ಮಾಡ್ಯಾನ, ಬಟ್ಟಿ ಛಲೋ ಸುತ್ಯಾನ, ಕೈ ಬರದಾನ. ಅಷ್ಟೆಲ್ಲಾ ಮಾಡಿ ಕಣ್ಣು ಹಂಗೇ ಬಿಟ್ಟಾನ. ಅರ್ಧಕ್ಕ ಬಿಟ್ಟಂಗಾತಲ್ರಿ."

ಯುರೋಪಿನ ಚಿತ್ರಕಾರ ಬೋರ್ಡು ಬರೆಯುವವನಲ್ಲ ಎಂದು ಹೇಳಿ ಮುಂದಕ್ಕೆ ಹೋದೆ. ಆತ ತಲೆ ಬಗ್ಗಿಸಿ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಆಮೇಲೆ ಗೊತ್ತಾಯಿತು, ಆತ ನನ್ನ ಮೂರು ಪಂಥಗಳನ್ನು ತನ್ನ ಗಿರಾಕಿಗಳ ಲೆಕ್ಕದಲ್ಲಿ ವಿಂಗಡಿಸಿಕೊಂಡಿದ್ದ. ಒಂದು ದಿನ ಮಿರ್ಚಿ ಮಂಡಕ್ಕಿ ಅಂಗಡಿಯ ಎದುರು ಹುಡುಗಿಯೊಬ್ಬಳಿಗೆ ವಿವರಿಸುತ್ತಿದ್ದದ್ದನ್ನು ಕೇಳಿಸಿಕೊಂಡೆ. "ನೋಡವಾ, ಕೋಟು ಹಾಕ್ರಿ, ಕೈಗೊಂದು ವಾಚು ಕಟ್ರಿ, ನಮ್ಮಪ್ಪ ಗೌಡನಂಗ ಕಾಣ್ಬೇಕು ಅಂತಾರಲ್ಲ, ಅದು ಮೊದಲ್ನೇ ಪಂಥ. ಹರೇದಾಗ ಸತ್ತವರ ಮನಿಯವ್ರು ಬೆನ್ನ ಹಿಂದ ಮೋಡ ಹಾಕ್ರಿ, ಸಮುದ್ರ ಹಾಕ್ರಿ, ನೋಡಿದವ್ರಿಗೆ ಕರುಳು ಚುರ್ ಅನ್ಬೇಕು ಅಂತಾರ, ಅದು ಎರಡ್ನೇದು. ಇದ್ದಂಗ ಬರೀರಿ ಅನ್ನಾವ್ರು ಮೂರ್ನೇದು. ಆದ್ರ ಹಂಗಂದವ್ರೂ ಕೊನಿಗೆ ಒಂದೀಟು ಕೆಂಪಗ ಮಾಡ್ರಿ ಅಂತಾರ. ಮೂರ್ನೇ ಪಂಥದ ಖರೇ ಗಿರಾಕಿ ನನಗ ಇನ್ನೂ ಸಿಕ್ಕಿಲ್ಲ." ಆ ಹುಡುಗಿಗೆ ನನ್ನ ನಲವತ್ತು ಪುಟದಲ್ಲಿ ತಿಳಿಯದ್ದು ಅಷ್ಟರಲ್ಲಿ ತಿಳಿಯಿತು. ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಹಾಸ್ಯವಾಗಿ ಹೇಳಿ ಪ್ರಿನ್ಸಿಪಾಲರನ್ನು ನಗಿಸಿದೆ.

ದಸರೆ ಮುಗಿದ ಮೇಲೆ ಸರ್ಕಾರಿ ಹೈಸ್ಕೂಲುಗಳಿಗೆ ಡ್ರಾಯಿಂಗ್ ಮಾಸ್ತರರ ನೇಮಕದ ಪ್ರಕಟಣೆ ಬಂತು. ಅರ್ಜಿ ತುಂಬಿಕೊಡಿ ಎಂದು ಮೈಲಾರಪ್ಪ ನನ್ನನ್ನು ಮನೆಗೆ ಕರೆದ. ಹಗರಿಬೊಮ್ಮನಹಳ್ಳಿಯಲ್ಲಿ ಒಂದೂವರೆ ಕೋಣೆಯ ಮನೆ. ಗೋಡೆಗೆ ಒರಗಿಸಿಟ್ಟ ಹತ್ತಾರು ಚಿತ್ರಗಳು, ಎಲ್ಲ ಮುಗಿದಿದ್ದವು, ಕಣ್ಣುಗಳಷ್ಟೇ ಬಾಕಿ. ಕಣ್ಣನ್ನು ಕೊನೆಗೆ ಬರೆಯಬೇಕು, ಕಣ್ಣಿಲ್ಲದೆ ಒಂದು ಮುಖವೂ ಹೊಸ್ತಿಲು ದಾಟಬಾರದು ಎಂದು ಆತನಿಗೆ ಕೆಲಸ ಕಲಿಸಿದ ಮುದುಕ ಹೇಳಿಕೊಟ್ಟಿದ್ದನಂತೆ. ಆತನ ಹೆಂಡತಿ ಗಂಗಮ್ಮ ಚಹಾ ತಂದಿಟ್ಟು ಬಾಗಿಲ ಬಳಿ ನಿಂತಳು.

"ಸರ, ಹೆಂಗಾರ ಮಾಡಿ ಈ ವರ್ಷ ಪಾಸ್ ಮಾಡ್ಸಿಬಿಡ್ರಿ" ಎಂದಳು. "ಮದಿವಿ ಮನಿಗೆ ಇವ್ರನ್ನ ಒಬ್ರೂ ಕರಿಯಂಗಿಲ್ಲ. ಬರೇ ಹೆಣದ ಮನಿಗೆ ಕರೀತಾರ. ಬೋರ್ಡ್ ಬರ್ಸಾಕ ಬಂದವ್ರೂ ಮುಂಜಾನಿ ಮಾರಿ ನೋಡಬಾರ್ದಂತ ಮಧ್ಯಾಹ್ನ ಬರ್ತಾರ. ಮಗಳಿಗೆ ಮೂರು ಸಂಬಂಧ ಬಂದು ಹೋದ್ವು. ಹೆಣದ ಪೇಂಟರ್ ಮನಿ ಹೆಣ್ಣು ಅಂತಾರ್ರಿ. ಈಗ ಅರಸೀಕೆರೆಯವ್ರು ಒಬ್ರು, ನಿಮ್ಮ ಯಜಮಾನ್ರು ಮಾಸ್ತರಾಗ್ಲಿ, ಆಮ್ಯಾಲೆ ಮಾತಾಡೂಣು ಅಂದಾರ."

"ಬರುವ ಜುಲೈ ದಾಟಿದ್ರ ನನ್ನ ನೌಕರಿ ವಯಸ್ಸು ಮುಗೀತೈತ್ರಿ" ಎಂದ ಮೈಲಾರಪ್ಪ. ಏಪ್ರಿಲ್ ಪರೀಕ್ಷೆಯಲ್ಲಿ ಪಾಸಾದರೆ ಆ ಸರ್ಟಿಫಿಕೇಟನ್ನು ಅರ್ಜಿಗೆ ಹಚ್ಚಬಹುದಿತ್ತು. ಅದು ಆತನ ಮೊದಲ ಅವಕಾಶ, ಕೊನೆಯ ಅವಕಾಶ ಕೂಡ. ಹತ್ತಿರದ ಖಾಲಿ ಜಾಗ ಎಂದರೆ ಹಡಗಲಿ ತಾಲ್ಲೂಕಿನ ಹೊಳಲು ಒಂದೇ. ಆತನ ಅರ್ಜಿಯಲ್ಲಿ ಹೊಳಲು ಎಂದು ನನ್ನ ಕೈಯಾರೆ ಬರೆದೆ. ನನ್ನ ಬಟ್ಟೆಚೀಲದಲ್ಲಿ ನನ್ನದೇ ಅರ್ಜಿ ಇತ್ತು, ಅದರಲ್ಲೂ ಹೊಳಲು ಎಂದೇ ಬರೆದಿದ್ದೆ. ಅದನ್ನು ಆತನಿಗೆ ಹೇಳಲಿಲ್ಲ. ಹೇಳುವಂಥದ್ದೇನಿದೆ, ಬೋರ್ಡು ಬರೆಯುವವನು ನನಗೆ ಪೈಪೋಟಿಯೇ ಎಂದುಕೊಂಡೆ. ಆದರೆ ಪೈಪೋಟಿ ಇತ್ತು. ಆತ ಪಾಸಾದರೆ ಹಿಂದುಳಿದವರ ಮೀಸಲಾತಿಯಲ್ಲಿ ಆ ಜಾಗ ಆತನಿಗೇ ಹೋಗುತ್ತಿತ್ತು, ಅರ್ಹರು ಯಾರೂ ಇಲ್ಲದಿದ್ದರೆ ಮಾತ್ರ ನನ್ನಂಥವರಿಗೆ. ಇದನ್ನು ಪ್ರಿನ್ಸಿಪಾಲರೇ ನನಗೆ ಓದಿ ಹೇಳಿದ್ದರು.

ಚಳಿಗಾಲದಲ್ಲಿ ರಮ್ಯ ಪಂಥ ನಡೆಯಿತು. ಕೆಳಗೆ ಹೊಸ ಶೇಂಗಾ ಬಂದು ಮಿಲ್ಲಿನ ಸದ್ದು ಇಮ್ಮಡಿಯಾಗಿತ್ತು. ಮುರಿದ ತೆಪ್ಪದ ಮೇಲೆ ಹಸಿವಿನಿಂದ ಸಾಯುತ್ತಿರುವವರು, ಬಿರುಗಾಳಿಯ ಸಮುದ್ರ, ಕಣ್ಣು ಕೆರಳಿದ ಕುದುರೆಗಳು. ಎಲ್ಲವೂ ಝೆರಾಕ್ಸಿನಲ್ಲಿ ಕರೀ ಮುದ್ದೆ. ಸಮುದ್ರ ಯಾವುದು ಮೋಡ ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ, ಆದರೂ ಕೋಲು ಹಿಡಿದು ತೋರಿಸುತ್ತಿದ್ದೆ. ಭಾವೋದ್ವೇಗ, ವ್ಯಕ್ತಿನಿಷ್ಠತೆ, ಅನಂತದ ಹಂಬಲ ಎಂದು ದೊಡ್ಡ ದೊಡ್ಡ ಪದ ಬಿಡುತ್ತಿದ್ದೆ. ಆ ವರ್ಷವಿಡೀ ನನಗೆ ಒಂದು ಸಣ್ಣ ಉದ್ವೇಗವೂ ಆದದ್ದಿಲ್ಲ, ಬಸ್ಸು ತಪ್ಪಿದಾಗ ಬಿಟ್ಟರೆ.

ಜನವರಿಯ ಒಂದು ಶನಿವಾರ ನಾನು ಊರಿಗೆ ಹೊರಟಿದ್ದ ಬಸ್ಸಿನಲ್ಲೇ ಮೈಲಾರಪ್ಪನೂ ಇದ್ದ, ಕೊರಳಲ್ಲಿ ಕ್ಯಾಮೆರಾ, ಹೆಣದ ಫೋಟೊವನ್ನೂ ಆತನೇ ತೆಗೆಯುತ್ತಿದ್ದ. ದಾರಿಯ ಒಂದು ಹಳ್ಳಿಯಲ್ಲಿ ಕುರುಬರ ಮುದುಕನೊಬ್ಬ ತೀರಿಹೋಗಿದ್ದನಂತೆ. "ಬರ್ರಿ ಸರ, ಅರ್ಧ ತಾಸಿನ ಕೆಲಸ" ಎಂದ. ನೋಡಿ ನಗಬಹುದಲ್ಲ ಎಂದು ಇಳಿದೆ. ಆತ ಕ್ಯಾಮೆರಾ ಮುಟ್ಟುವ ಮೊದಲು ಅಳುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳತೊಡಗಿದ. ಮುದುಕನ ಕಣ್ಣು ಕಂದೋ ಕಪ್ಪೋ, ಯಾವ ಕಣ್ಣು ಸಣ್ಣದು, ನಗುವಾಗ ಎಷ್ಟು ಮುಚ್ಚುತ್ತಿದ್ದ? "ಸಿಟ್ಟು ಬಂದ್ರ ಎಡಗಣ್ಣು ಸಣ್ಣ ಮಾಡ್ತಿದ್ನೋ ಯಪ್ಪಾ" ಎಂದು ಮಗಳೊಬ್ಬಳು ಹೇಳಿ ಅಳು ನಿಲ್ಲಿಸಿದಳು. "ಇಲ್ಲಬೇ, ಅದು ಕುರಿ ಎಣಿಸುವಾಗ" ಎಂದ ಮಗ. ಇಬ್ಬರೂ ಅದರ ಮೇಲೆ ವಾದಕ್ಕೆ ಬಿದ್ದರು, ಒಬ್ಬಳು ಸೊಸೆ ನಕ್ಕೇಬಿಟ್ಟಳು. ಮೈಲಾರಪ್ಪ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ, ನನ್ನ ಪಂಥಗಳನ್ನು ಬರೆದುಕೊಂಡಿದ್ದ ಅದೇ ನೋಟ್‌ಬುಕ್ಕು.

ಹೊರಗೆ ಬಂದು ಕೈಕಾಲು ತೊಳೆಯುವಾಗ ನಾನು, "ಇದು ಕಲೆ ಅಲ್ಲ ಮೈಲಾರಪ್ಪ, ಇದು ಜನರ ಮನಸ್ಸಿಗೆ ಸಮಾಧಾನ ಮಾಡೋ ಕೆಲಸ" ಎಂದೆ.

"ಹೌದ್ರಿ" ಎಂದ ಆತ. "ನಿಮ್ಮ ಕಲೆಯಿಂದ ಏನಾಕ್ಕೈತ್ರಿ ಸರ?"

ಚುಚ್ಚಲು ಕೇಳಿದ್ದಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದ, ಅದೇ ಹೆಚ್ಚು ಉರಿಯಿತು. ನಾನು ಬಸ್ಸಿನ ಹೊತ್ತಾಯಿತು ಎಂದೆ.

ಫೆಬ್ರವರಿಯಲ್ಲಿ ವಾಸ್ತವ ಪಂಥಕ್ಕೆ ಬಂದೆವು. ರಸ್ತೆಯ ಬದಿಯಲ್ಲಿ ಕಲ್ಲು ಒಡೆಯುವ ಇಬ್ಬರು, ಕೊಯ್ಲಾದ ಹೊಲದಲ್ಲಿ ತೆನೆ ಆಯುವ ಹೆಂಗಸರು, ಹಳ್ಳಿಯೊಂದರಲ್ಲಿ ಮಣ್ಣು ಮಾಡಲು ನೆರೆದ ಜನ. ರಾಜರನ್ನೂ ದೇವರನ್ನೂ ಬಿಟ್ಟು ದುಡಿಯುವವರನ್ನು ಇದ್ದಂತೆ ಬರೆದ ಮೊದಲಿಗರು ಇವರು ಎಂದು ನಾನು ದನಿ ಏರಿಸಿ ಹೇಳಿದೆ. ಕಿಟಕಿಯ ಹೊರಗೆ ಕೂಡ್ಲಿಗಿ ರಸ್ತೆಯಲ್ಲಿ ಹೆಂಗಸರು ಜಲ್ಲಿ ಹೊರುತ್ತಿದ್ದರು. ನಾನು ಆ ಕಡೆ ನೋಡಲಿಲ್ಲ. ಮೈಲಾರಪ್ಪ ಮತ್ತೆ ಕೈ ಎತ್ತಿದ. ಈ ಕಲ್ಲು ಒಡೆಯುವವರ ಚಿತ್ರವನ್ನು ಕಲ್ಲು ಒಡೆಯುವವರ ಮನೆಯಲ್ಲಿ ತೂಗುಹಾಕಿದರೇ ಎಂದು ಕೇಳಿದ. ಅದು ಪರೀಕ್ಷೆಗೆ ಬರುವುದಿಲ್ಲ ಎಂದು ಹೇಳಿ ಕೂರಿಸಿದೆ. ಉತ್ತರ ನನಗೆ ಗೊತ್ತಿತ್ತು, ಹೇಳಿದರೆ ನನ್ನ ಅರ್ಧ ಗಂಟೆಯ ಭಾಷಣ ಬಿದ್ದುಹೋಗುತ್ತಿತ್ತು.

ಏಪ್ರಿಲ್ ಬಂತು. ಬಳ್ಳಾರಿ ಕಡೆಯ ಬಿಸಿಲಿನ ಬಗ್ಗೆ ನಾನೇನು ಹೇಳಲಿ, ಮಧ್ಯಾಹ್ನ ಎಣ್ಣೆಬಣ್ಣ ಬಟ್ಟಲಲ್ಲೇ ನೀರಾಗುತ್ತಿತ್ತು. ಪ್ರಾಕ್ಟಿಕಲ್ ಪರೀಕ್ಷೆ ಮೂರು ದಿನ. ಮೂರು ಪಂಥಗಳಲ್ಲಿ ಒಂದರ ಚಿತ್ರ ಆರಿಸಿಕೊಂಡು ಬಣ್ಣದಲ್ಲಿ ನಕಲು ಮಾಡಬೇಕು, ಕೊನೆಗೆ ಅದರ ಮೇಲೆ ಮೌಖಿಕ ಪ್ರಶ್ನೆ. ಮೈಲಾರಪ್ಪ ಆರಿಸಿಕೊಂಡದ್ದು ತೊಟ್ಟಿಯಲ್ಲಿ ಸತ್ತವನನ್ನು. ಎರಡು ದಿನದಲ್ಲಿ ಆತ ಮಾಡಿದ್ದನ್ನು ನೋಡುತ್ತಾ ಅಲ್ಲೇ ನಿಂತೆ. ಮಸಿ ಹಿಡಿದ ಆ ಝೆರಾಕ್ಸಿನಿಂದ ಬಣ್ಣವನ್ನೆಲ್ಲ ಊಹೆಯಲ್ಲೇ ಎಳೆದು ತಂದಿದ್ದ. ಜೋತುಬಿದ್ದ ಕೈಯ ಭಾರ, ಬಿಳಿ ಬಟ್ಟೆಯ ಮಡಿಕೆ, ಹಿಂದಿನ ಖಾಲಿ ಗೋಡೆಯ ಹಸಿರುಗಪ್ಪು. ಐದು ವರ್ಷ ಓದಿದ ನನ್ನಿಂದ ಅದು ಆಗುತ್ತಿರಲಿಲ್ಲ. ನನಗಾದದ್ದು ಹೊಟ್ಟೆಕಿಚ್ಚು, ಬೇರೇನಲ್ಲ.

ಮೂರನೆಯ ದಿನ ಮಧ್ಯಾಹ್ನ ನಾನು ಮೇಲ್ವಿಚಾರಣೆಗೆ ತಿರುಗುತ್ತಾ ಆತನ ಹಿಂದೆ ಹೋದಾಗ ಆತ ಸಣ್ಣ ಬ್ರಷ್ ಹಿಡಿದು ಉಸಿರು ಬಿಗಿಹಿಡಿದಿದ್ದ. ಸತ್ತವನ ಕಣ್ಣು ತೆರೆದಿದ್ದವು. ನೋವಿಲ್ಲ, ಬೆರಗಿಲ್ಲ. ಬರೆಯುತ್ತಾ ಕೂತವನು ಯಾರೋ ಒಳಗೆ ಬಂದರೆಂದು ತಲೆ ಎತ್ತಿ ನೋಡಿದ ಹಾಗಿತ್ತು. ಗಂಟೆ ಬಾರಿಸಲು ಇನ್ನೂ ಒಂದು ತಾಸು ಇತ್ತು. ಮುಚ್ಚಲು ಹತ್ತು ನಿಮಿಷ ಸಾಕು. "ಮೈಲಾರಪ್ಪ, ಇದು ನಕಲು, ಕಣ್ಣು ಮುಚ್ಚಿ" ಎಂದು ಕಿವಿಯಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಬೇರೆ ಹುಡುಗರಿಗೆ ಆ ಮೂರು ದಿನದಲ್ಲಿ ಎಷ್ಟೋ ಹೇಳಿಕೊಟ್ಟಿದ್ದೆ, ಒಬ್ಬನ ಕುದುರೆಗೆ ನಾನೇ ಕಾಲು ತಿದ್ದಿದ್ದೆ. ಮೈಲಾರಪ್ಪನ ಬೆನ್ನ ಹಿಂದೆ ಸ್ವಲ್ಪ ಹೊತ್ತು ನಿಂತು, ಸದ್ದಾಗದಂತೆ ಮುಂದಕ್ಕೆ ಹೋದೆ.

ಪರೀಕ್ಷಕರು ಬೆಂಗಳೂರಿನಿಂದ ಬಂದವರು. ಬೆಳಿಗ್ಗೆಯಿಂದ ಎರಡು ಪ್ಲೇಟು ಮಿರ್ಚಿ ತಿಂದು, ಚಿತ್ರಗಳ ಮುಂದೆ ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಲಪ್ಪಂ ಮೂಗಿನ ಗ್ರೀಕನನ್ನು ನೋಡಿ ಬಹಳ ಒಳ್ಳೆಯ ಎರಕ ಎಂದು ಹೊಗಳಿದಂಥ ಮಹಾನುಭಾವರು. ಮೈಲಾರಪ್ಪನ ಚಿತ್ರದ ಮುಂದೆ ನಿಂತು ಮೊದಲು ಕಣ್ಣು ಕಿರಿದು ಮಾಡಿದರು, ಆಮೇಲೆ ನಕ್ಕರು, ನಕ್ಕು ನಕ್ಕು ಕೆಮ್ಮಿದರು.

"ಏನಯ್ಯಾ ಇದು? ಸತ್ತವನು ನಮ್ಮನ್ನೇ ನೋಡ್ತಾ ಇದ್ದಾನೆ! ನಕಲು ಮಾಡು ಅಂದ್ರೆ ನಕಲು ಮಾಡ್ಬೇಕು. ಮೂಲದಲ್ಲಿ ಕಣ್ಣು ಮುಚ್ಚಿದೆ."

"ಗೊತ್ತೈತ್ರಿ ಸರ. ಒಂದು ಮಾತು ಕೇಳ್ಲೇನ್ರಿ?" ಮೈಲಾರಪ್ಪ ಕೈ ಕಟ್ಟಿ ನಿಂತಿದ್ದ. "ಆ ಮನಷ್ಯಾಗ ಮೈತುಂಬ ಹುಣ್ಣು ಇದ್ವಂತ, ನಮ್ಮ ಸರ ಹೇಳ್ಯಾರ. ಚಿತ್ರದಾಗ ಒಂದು ಗುಳ್ಳಿ ಇಲ್ಲ. ಬರದಾವ ಎಲ್ಲಾ ಒರಸ್ಯಾನ. ಸತ್ತಾವ್ರು ಛಂದ ಕಾಣ್ಲಿ ಅಂತ ತಾನೇ ಒರಸಿದ್ದು? ಹುಣ್ಣು ಒರಸಿದ್ದು ದೊಡ್ಡ ಕೆಲಸ ಆತು. ನಾನು ಕಣ್ಣು ತೆರಸಿದ್ದು ಹೆಂಗ ತಪ್ಪಾತ್ರಿ?"

ಪರೀಕ್ಷಕರ ನಗು ನಿಂತಿತು. ಅವರಿಗೆ ಹುಣ್ಣಿನ ಸಂಗತಿ ಗೊತ್ತಿರಲಿಲ್ಲ, ಅದು ಮುಖದಲ್ಲಿ ಕಾಣಿಸಿತು. ನನ್ನ ಕಡೆ ತಿರುಗಿ, "ಹೌದೇನ್ರಿ? ನೀವು ಹೀಗೆ ಹೇಳಿಕೊಟ್ಟಿದ್ದೀರಾ?" ಎಂದು ಕೇಳಿದರು. ಹೌದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನವ ಅಭಿಜಾತ ಪಂಥದ ಬಗ್ಗೆ ಆ ಕೋಣೆಯಲ್ಲಿ ಯಾರಾದರೂ ತಿಳಿದು ಮಾತಾಡಿದ್ದರೆ ಅದು ಮೈಲಾರಪ್ಪ ಒಬ್ಬನೇ, ಅಷ್ಟು ನನಗೂ ಅರ್ಥವಾಗಿತ್ತು.

"ಅವರು ಬೋರ್ಡು ಬರೆಯೋರು ಸಾರ್. ಹೆಣದ ಫೋಟೊಗೆ ಕಣ್ಣು ಬರೆದು ಅಭ್ಯಾಸ. ನೋಟ್ಸು ಕೊಟ್ಟಿದ್ದೆ, ಸರಿಯಾಗಿ ಓದಿಲ್ಲ ಅನ್ಸುತ್ತೆ" ಎಂದೆ.

ಮೈಲಾರಪ್ಪ ನನ್ನನ್ನೇ ನೋಡಿದ.

ಅಂಕ ಹಾಕುವಾಗ ಪರೀಕ್ಷಕರು ಪೆನ್ನು ಹಿಡಿದು, "ಕೈ ಒಳ್ಳೇದಿದೆ, ನೀವೇ ಹೇಳಿ, ಎಷ್ಟು ಹಾಕೋಣ?" ಎಂದರು. ನೂರಕ್ಕೆ ನಲವತ್ತು ಬಂದರೆ ಪಾಸು. ನಾನು ಮೂವತ್ತಾರು ಎಂದೆ. ಮೂವತ್ತೊಂಬತ್ತು ಎಂದರೆ ಯಾರಾದರೂ ಅನುಮಾನ ಪಟ್ಟಾರು, ಇಪ್ಪತ್ತು ಎಂದರೆ ಪರೀಕ್ಷಕರೇ ಒಪ್ಪಲಾರರು ಎಂದು ಮೊದಲೇ ಯೋಚಿಸಿಟ್ಟುಕೊಂಡಿದ್ದೆ. ಇಬ್ಬರೂ ಸಹಿ ಮಾಡಿದೆವು.

ಮರುದಿನ ಬೆಳಿಗ್ಗೆ ನನ್ನ ಬಾಡಿಗೆ ಕೋಣೆಯ ಬಾಗಿಲಲ್ಲಿ ಮೈಲಾರಪ್ಪ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಸಣ್ಣ ಬ್ರಷ್.

"ಸರ, ಪ್ರಿನ್ಸಿಪಾಲ್ರು ಎಲ್ಲಾ ಹೇಳಿದ್ರು. ಎಕ್ಸಾಮಿನರ್ ಸಾಹೇಬ್ರು ಸಂಜಿ ಬಸ್ಸಿಗೆ ಹೋಗ್ತಾರಂತ. ಪಟ್ಟಿ ಇನ್ನೂ ಇಲ್ಲೇ ಐತಂತ. ನೀವೊಂದು ಮಾತು ಹೇಳಿದ್ರ ಇಬ್ರೂ ಸಹಿ ಹಾಕಿ ತಿದ್ದಬಹುದಂತ."

"ಸಹಿ ಆದ ಮೇಲೆ ಮುಟ್ಟೋ ಹಾಗಿಲ್ಲ ಮೈಲಾರಪ್ಪ. ನಿಯಮ ಇದೆ."

ಅಂಥ ನಿಯಮ ಇರಲಿಲ್ಲ. ಆತ ಜೇಬಿನಿಂದ ಬ್ರಷ್ ತೆಗೆದು ನನ್ನ ಮುಂದೆ ಹಿಡಿದ.

"ಕಣ್ಣು ಮುಚ್ಚಿಬಿಡ್ತೀನ್ರಿ ಸರ. ಹತ್ತು ನಿಮಿಷದ ಕೆಲಸ. ಇಪ್ಪತ್ತು ವರ್ಷದಾಗ ಯಾರ ಕಣ್ಣೂ ಮುಚ್ಚಿದಾವಲ್ಲ. ಇದೊಂದು ಮುಚ್ಚತೀನಿ. ಮಗಳ ಸಂಬಂಧ."

ನಾನು ಆಗಲಿಕ್ಕಿಲ್ಲ ಎಂದೆ. ಎರಡು ಸಲ ಎಂದೆ. ಆತ ಬ್ರಷ್ಷನ್ನು ಜೇಬಿಗೆ ಸೇರಿಸಿ, ಹೋಗಲು ತಿರುಗಿ, ಮತ್ತೆ ನಿಂತ.

"ನಿಮ್ಮ ಅರ್ಜಿನೂ ಹೊಳಲಿಗೇ ಐತಲ್ರಿ. ಆವತ್ತು ನಮ್ಮನ್ಯಾಗ ನಿಮ್ಮ ಚೀಲದಾಗಿಂದ ಇಣುಕ್ತಿತ್ತು, ನೋಡಿದ್ದೆ. ನಮ್ಮಾಕೀನೂ ನೋಡಿದ್ಲು. ಆ ಸರ ಪಾಸ್ ಮಾಡ್ಸಂಗಿಲ್ಲ, ಬ್ಯಾರೆ ಶಾಲಿಗೆ ಹೋಗ್ರಿ ಅಂತ ಆವತ್ತೇ ಅಂದಿದ್ಲು. ನಾನು, ಏನಾರ ಆಗ್ಲಿ ಅವ್ರು ಮಾಸ್ತರು, ಹಂಗ ಮಾಡಂಗಿಲ್ಲ ಅಂತ ಆಕೀನ್ನ ಬೈದಿದ್ದೆ."

ಅಷ್ಟು ಹೇಳಿ ಮೆಟ್ಟಿಲು ಇಳಿದ. ನಾನು ವರ್ಷವಿಡೀ ಆತನನ್ನು ಯಾವ ಕಣ್ಣಿನಿಂದ ನೋಡಿದ್ದೆನೋ ಅದೇ ಕಣ್ಣಿನಿಂದ ಆತ ಇಳಿಯುವ ಮೊದಲು ನನ್ನನ್ನು ಒಂದು ಕ್ಷಣ ನೋಡಿದ್ದ. ಕೋಣೆಯಲ್ಲಿ ಒಬ್ಬನೇ ನಿಂತು ನನಗೆ ನಾಚಿಕೆಯಾಯಿತು. ಆದರೆ ಸಂಜೆಯ ಬಸ್ಸು ಹೊರಡುವತನಕ ಹೊರಗೆ ಹೋಗಲಿಲ್ಲ, ಬಾಗಿಲು ಹಾಕಿಕೊಂಡು ಮಲಗಿದ್ದೆ. ನಾಚಿಕೆಯ ಯೋಗ್ಯತೆ ಅಷ್ಟೇ ಇತ್ತು.

ಅರಸೀಕೆರೆಯ ಸಂಬಂಧ ತಪ್ಪಿಹೋಯಿತೆಂದು ಜೂನಿನಲ್ಲಿ ಪ್ರಿನ್ಸಿಪಾಲರ ಬಾಯಿಂದ ಕೇಳಿದೆ. ಜುಲೈ ದಾಟಿತು. ಆಗಸ್ಟಿನಲ್ಲಿ ನನಗೆ ಆದೇಶ ಬಂತು, ಕೂದಲು ಕತ್ತರಿಸಿಕೊಂಡು ಹೊಳಲಿನ ಹೈಸ್ಕೂಲಿಗೆ ಹೋಗಿ ಹಾಜರಾದೆ. ಹೆಡ್‌ಮಾಸ್ತರರು ಒಳ್ಳೆಯ ಮನುಷ್ಯ, ಎದ್ದು ಕೈ ಕುಲುಕಿ ಚಹಾ ತರಿಸಿದರು. ನಿಮ್ಮಂಥ ಓದಿದವರು ಬಂದದ್ದು ನಮ್ಮ ಮಕ್ಕಳ ಪುಣ್ಯ ಎಂದರು. ಮಾತಿನ ನಡುವೆ, ಶಾಲೆಯ ಹೆಸರಿನ ಬೋರ್ಡು ಬಣ್ಣ ಹಾರಿ ಓದಲು ಬರದಂತಾಗಿದೆ, ಹೊಸದು ಬರೆಸಬೇಕು ಎಂದರು.

"ನೀವು ಕೊಟ್ಟೂರು, ಬೊಮ್ಮನಹಳ್ಳಿ ಕಡೆ ಇದ್ದವ್ರು. ಒಳ್ಳೇ ಕೈ ಇರೋ ಪೇಂಟರ್ ಯಾರಾರ ಗೊತ್ತದಾರೇನ್ರಿ?"

ಚಹಾ ಮುಗಿಸಿ, ಕಪ್ಪನ್ನು ಕೆಳಗಿಟ್ಟೆ.

"ಇಲ್ಲ ಸಾರ್, ಆ ಕಡೆ ಅಂಥವರು ಯಾರೂ ಇಲ್ಲ" ಎಂದೆ.